ಇನ್ನೂ ಅರಳದ ಹೂವಿನ ಹಾಡು: ಜಪಾನಿನ ಐಡಲ್‌ಗಳಿಗೆ ಮಾರ್ಚ್ ಬಂದರೆ ಯಾಕಷ್ಟು ಅಳು?

ಮಾರ್ಚ್ ಶುರುವಿನಲ್ಲಿ ಟೋಕಿಯೊದ ಯಾವುದಾದರೂ ಹೈಸ್ಕೂಲಿನ ಗೇಟಿನ ಮುಂದೆ ನಿಂತಿದ್ದೀರಿ ಅಂದುಕೊಳ್ಳಿ. ಒಳಗೆ ಕೊನೆಯ ವರ್ಷದ ಮಕ್ಕಳ ಬೀಳ್ಕೊಡುಗೆ ನಡೆಯುತ್ತಿದೆ. ಗೇಟಿನ ಪಕ್ಕದಲ್ಲೇ ಒಂದು ಸಕುರಾ, ಅಂದರೆ ಚೆರ್ರಿ ಹೂವಿನ, ಮರ. ಆದರೆ ಮರದಲ್ಲಿ ಒಂದು ಹೂವೂ ಇಲ್ಲ. ಬೋಳು ಕೊಂಬೆ, ಕೊಂಬೆಯ ಮೇಲೆ ಗಟ್ಟಿ ಮೊಗ್ಗು, ಅಷ್ಟೇ. ಚಳಿಯೂ ಪೂರ್ತಿ ಹೋಗಿಲ್ಲ.

ಈಗ ಐಡಲ್‌ಗಳ, ಅಂದರೆ ಹಾಡಿ ಕುಣಿಯುವ ಹದಿಹರೆಯದ ತಾರೆಯರ, ಗುಂಪೊಂದರ ಬೀಳ್ಕೊಡುಗೆ ಹಾಡು ಹಾಕಿ ಕೇಳಿ. ಅಲ್ಲಿ ಎಸಳುಗಳು ಮಳೆಯ ಹಾಗೆ ಸುರಿಯುತ್ತಿರುತ್ತವೆ. ಯೂನಿಫಾರ್ಮಿನ ಭುಜದ ಮೇಲೆ ಹೂ, ಕೂದಲಲ್ಲಿ ಹೂ, ನಡೆಯುವ ದಾರಿ ತುಂಬಾ ಹೂ.

ಕಣ್ಣೆದುರು ಇಲ್ಲದ ಹೂವನ್ನು ಇಷ್ಟೊಂದು ಜನ ಯಾಕೆ ಹಾಡುತ್ತಾರೆ? ಈ ಹಾಡುಗಳನ್ನು ವರ್ಷಗಟ್ಟಲೆ ಕೇಳಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಇವುಗಳಲ್ಲಿ ಸಕುರಾ ಅಲಂಕಾರಕ್ಕೆ ಬರುವುದಿಲ್ಲ. ಅದು ಕ್ಯಾಲೆಂಡರಿನ ಕೆಲಸ ಮಾಡುತ್ತದೆ. ಐಡಲ್ ಉದ್ಯಮ ಶಾಲೆಯಿಂದ ಎರವಲು ಪಡೆದದ್ದೂ ಅದೇ ಕ್ಯಾಲೆಂಡರನ್ನು.

ಎರಡು ತರಗತಿಗಳ ನಡುವಿನ ಹೂ

ಜಪಾನಿನಲ್ಲಿ ಶಾಲಾ ವರ್ಷ ಏಪ್ರಿಲ್ 1ಕ್ಕೆ ಶುರುವಾಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಬೀಳ್ಕೊಡುಗೆ ಮಾರ್ಚ್‌ನಲ್ಲಿ, ಹೊಸ ಶಾಲೆಯ ಸ್ವಾಗತ ಸಮಾರಂಭ ಏಪ್ರಿಲ್ ಮೊದಲ ವಾರದಲ್ಲಿ. ಟೋಕಿಯೊದಲ್ಲಿ ಸಕುರಾ ಅರಳುವ ಸರಾಸರಿ ದಿನ ಮಾರ್ಚ್ 24. ಮರ ಪೂರ್ತಿ ತುಂಬಿಕೊಳ್ಳುವುದಕ್ಕೆ ಮತ್ತೆ ಒಂದು ವಾರ. ಲೆಕ್ಕ ಹಾಕಿ ನೋಡಿ, ಹೂ ಬರುವುದು ಸರಿಯಾಗಿ ನಡುವಿನ ಸಂದಿಯಲ್ಲಿ. ಹಳೆ ಶಾಲೆ ಮುಗಿದಿದೆ, ಹೊಸದು ಶುರುವಾಗಿಲ್ಲ. ಕಾಗದದ ಮೇಲೆ ಮಾರ್ಚ್ 31ರವರೆಗೂ ಹಳೆ ಶಾಲೆಯ ವಿದ್ಯಾರ್ಥಿಯೇ, ಆದರೆ ಹೋಗಲು ತರಗತಿ ಇಲ್ಲ. ಯೂನಿಫಾರ್ಮ್ ಗೂಟದಲ್ಲೇ ನೇತಾಡುತ್ತಿರುತ್ತದೆ.

ಸಕುರಾ ಹಾಡುಗಳು ಹೇಳುವುದು ಈ ಎರಡು ಮೂರು ವಾರಗಳ ಕಥೆಯನ್ನು. ಸಮಾರಂಭದ ದಿನದ ವರದಿ ಅಂದುಕೊಂಡು ಕೇಳಿದರೆ ಹೂವಿನ ಲೆಕ್ಕ ತಪ್ಪುತ್ತದೆ.

ಇನ್ನೊಂದು ಸಂಗತಿ ಇದೆ. ಈ ಹೂ ಒಂದೊಂದೇ ಮರದಲ್ಲಿ ಒಂದೊಂದು ದಿನ ಅರಳುವುದಿಲ್ಲ. ಶಾಲೆ, ಪಾರ್ಕು, ಹೊಳೆ ದಂಡೆಯಲ್ಲಿ ಕಾಣುವ ಸಕುರಾದಲ್ಲಿ ಹೆಚ್ಚಿನವು ‘ಸೋಮೆಯ್ ಯೋಶಿನೊ’ ಎನ್ನುವ ಒಂದೇ ತಳಿ. ಈಗ ಟೋಕಿಯೊದೊಳಗೇ ಸೇರಿಹೋಗಿರುವ ಸೋಮೆಯ್ ಎಂಬ ಊರಿನ ತೋಟಗಾರರು ಎದೊ ಕಾಲದ ಕೊನೆಯಲ್ಲಿ, ಅಂದರೆ ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ, ಇದನ್ನು ಮಾರತೊಡಗಿದರು. ಬೀಜದಿಂದ ಇದೇ ತಳಿ ಹುಟ್ಟುವುದಿಲ್ಲ, ಕಸಿ ಕಟ್ಟಿಯೇ ಬೆಳೆಸಬೇಕು. ಹಾಗಾಗಿ ದೇಶದ ತುಂಬಾ ಇರುವ ಈ ಮರಗಳೆಲ್ಲ ಒಂದೇ ಮರದ ಪ್ರತಿಗಳು. ಒಂದೇ ಊರಿನಲ್ಲಿ, ಒಂದೇ ಹವೆಯಲ್ಲಿ ಅವು ಒಟ್ಟಿಗೇ ಅರಳಿ ಒಟ್ಟಿಗೇ ಉದುರುತ್ತವೆ. ಎಲೆ ಬರುವ ಮುಂಚೆಯೇ ಹೂ ಬರುವುದರಿಂದ ಇಡೀ ಮರ ತಿಳಿಗುಲಾಬಿ ಮೋಡದ ಹಾಗೆ ಕಾಣುತ್ತದೆ. ಮಳೆ ಗಾಳಿ ಜೋರಾದರೆ ಒಂದು ವಾರವೂ ನಿಲ್ಲುವುದಿಲ್ಲ. ಎಸಳು ಹಿಮಗಾಳಿಯಂತೆ ಹಾರುವುದಕ್ಕೆ ‘ಸಕುರಾ ಫುಬುಕಿ’ ಅಂತಲೇ ಹೆಸರಿದೆ.

ಒಂದೇ ವಯಸ್ಸಿನವರು ಒಂದೇ ದಿನ ಶಾಲೆ ಬಿಟ್ಟು ಚದುರಿಹೋಗುವುದಕ್ಕೆ ಇದಕ್ಕಿಂತ ಹೊಂದುವ ಹೂ ಯಾವುದಿದೆ ಹೇಳಿ. (ಬೆಂಗಳೂರಿನಲ್ಲಿ ‘ನಮ್ಮೂರ ಚೆರ್ರಿ ಬ್ಲಾಸಮ್’ ಅಂತ ಎಲ್ಲರೂ ಫೋಟೊ ಹಾಕುವ ಗುಲಾಬಿ ಟಬೆಬುಯಾ ಬೇರೆಯೇ ಜಾತಿ. ಅದು ಅಮೆರಿಕ ಖಂಡದ ಬಿಸಿ ಸೀಮೆಯಿಂದ ಬಂದದ್ದು.)

ಹಳೆ ಹಾಡುಗಳಲ್ಲಿ ಸಕುರಾನೇ ಇಲ್ಲ

ಶಾಲೆ ಮತ್ತು ಸಕುರಾದ ನಂಟು ಅನಾದಿ ಕಾಲದ್ದು ಅಂತ ನಾನೂ ಅಂದುಕೊಂಡಿದ್ದೆ. ಹಾಗೇನಿಲ್ಲ. ಜಪಾನ್ ಸರ್ಕಾರ ತನ್ನ ಹಣಕಾಸು ವರ್ಷವನ್ನು ಏಪ್ರಿಲ್‌ಗೆ ತಂದದ್ದು 1886ರಲ್ಲಿ. ಆಮೇಲೆ ಶಾಲೆಗಳು ನಿಧಾನವಾಗಿ ಅದರ ಹಿಂದೆ ಬಂದವು. ಟೋಕಿಯೊದ ಸಾಮ್ರಾಜ್ಯ ವಿಶ್ವವಿದ್ಯಾಲಯದಲ್ಲಂತೂ 1921ರವರೆಗೆ ತರಗತಿ ಶುರುವಾಗುತ್ತಿದ್ದದ್ದು ಸೆಪ್ಟೆಂಬರ್‌ನಲ್ಲಿ. ಅಂದರೆ ಹೂವಿನ ಜೊತೆ ಶಾಲೆ ಬಿಡುವ ಪದ್ಧತಿಯ ಹಿಂದೆ ಇದ್ದದ್ದು ಸರ್ಕಾರದ ಬಜೆಟ್.

ಬೀಳ್ಕೊಡುಗೆಯ ಎರಡು ಹಳೆ ಹಾಡುಗಳನ್ನೇ ನೋಡಿ. ‘ಹೊತಾರು ನೊ ಹಿಕಾರಿ’ 1881ರದು, ‘ಆಒಗೆಬಾ ತೋತೋಶಿ’ 1884ರದು. ಎರಡರಲ್ಲೂ ಸಕುರಾ ಇಲ್ಲ. ಇರುವುದು ಮಿಂಚುಹುಳ ಮತ್ತು ಹಿಮ. ದೀಪದ ಎಣ್ಣೆಗೂ ಕಾಸಿಲ್ಲದ ಬಡ ವಿದ್ಯಾರ್ಥಿಗಳು ಮಿಂಚುಹುಳದ ಬೆಳಕಲ್ಲಿ, ಹಿಮದ ಬೆಳಕಲ್ಲಿ ಓದಿದರು ಎನ್ನುವ ಚೀನಾದ ಹಳೆ ಕಥೆಯಿಂದ ಬಂದ ಮಾತು ಅದು. ಗುರುಗಳಿಗೆ ಋಣಿ, ಕಷ್ಟಪಟ್ಟು ಓದಿದೆವು, ಇನ್ನು ಹೊರಟೆವು ಎನ್ನುವ ಧಾಟಿ. ಇವೆರಡೂ ಹುಟ್ಟಿದ್ದು 1886ಕ್ಕೆ ಮುಂಚೆ ಅನ್ನುವುದು ಕಾಕತಾಳೀಯವೂ ಇರಬಹುದು. ಆದರೂ ನನಗೆ ಖುಷಿ ಕೊಡುವ ಕಾಕತಾಳೀಯ.

‘ಹೊತಾರು ನೊ ಹಿಕಾರಿ’ಯ ರಾಗ ನಿಮಗೂ ಗೊತ್ತು. ಹೊಸ ವರ್ಷದ ಮಧ್ಯರಾತ್ರಿ ಇಂಗ್ಲಿಷರು ಹಾಡುವ ಸ್ಕಾಟ್ಲೆಂಡಿನ ‘ಆಲ್ಡ್ ಲ್ಯಾಂಗ್ ಸೈನ್’ ಅದು. ಮಧ್ಯಮ, ನಿಷಾದ ಎರಡನ್ನೂ ಬಿಟ್ಟ ಐದು ಸ್ವರ, ನಮ್ಮ ಮೋಹನದ ಸ್ವರಗಳೇ. ಜಪಾನಿನವರಿಗೂ ಆ ಐದು ಸ್ವರ ಬಾಯಿಗೆ ಸಲೀಸು. ಅದಕ್ಕೇ ಪರದೇಶದ ರಾಗ ಅಷ್ಟು ಬೇಗ ಒಳಗಿನದಾಯಿತು. ಈಗಲೂ ಅಂಗಡಿ ಮುಚ್ಚುವ ಹೊತ್ತಿಗೆ ಇದೇ ರಾಗವನ್ನು ಮೂರರ ತಾಳಕ್ಕೆ ತಿರುಗಿಸಿ ಮೆಲ್ಲಗೆ ಹಾಕುತ್ತಾರೆ. ಕೇಳಿದ ಕೂಡಲೇ ಜನ ಬ್ಯಾಗು ಎತ್ತಿಕೊಂಡು ಹೊರಡುತ್ತಾರೆ.

ಗುಂಡಿ ಮತ್ತು ರೈಲು

ಐಡಲ್ ಅಂದರೆ ಯಾರು ಅಂತ ಒಂದು ಮಾತು. ಇವರು ಬರೀ ಗಾಯಕಿಯರಲ್ಲ. ಹದಿಹರೆಯದಲ್ಲೇ ಆರಿಸಿ, ಕಲಿಸಿ, ಕಲಿಯುವುದನ್ನೂ ಜನರ ಎದುರಿಗೇ ಇಡುತ್ತಾರೆ. ಸ್ವರ ಸ್ವಲ್ಪ ತಪ್ಪಿದರೆ ಅಭಿಮಾನಿಗೆ ಬೇಜಾರಿಲ್ಲ. ಅವನು ನೋಡಲು ಬಂದದ್ದು ಅವಳು ಬೆಳೆಯುವುದನ್ನು. 1971ರಲ್ಲಿ ಶುರುವಾದ ‘ಸ್ಟಾರ್ ತಂಜೊ’ ಎಂಬ ಟಿವಿ ಸ್ಪರ್ಧೆಯಿಂದ ಬಂದ ಮೋರಿ ಮಸಾಕೊ, ಸಕುರಾದಾ ಜುಂಕೊ, ಯಾಮಗುಚಿ ಮೊಮೊಯೆ ಈ ಮೂವರನ್ನು ಜನ ಕರೆಯುತ್ತಿದ್ದದ್ದು ಅವರು ಓದುತ್ತಿದ್ದ ತರಗತಿಯ ಹೆಸರಿನಿಂದ. ವರ್ಷ ಕಳೆದು ತರಗತಿ ದಾಟಿದ ಹಾಗೆ ಗುಂಪಿನ ಹೆಸರೂ ಬದಲಾಗುತ್ತಿತ್ತು. ಅಂದರೆ ಐಡಲ್ ಮೊದಲ ದಿನದಿಂದಲೂ ಶಾಲೆಯ ಹುಡುಗಿಯೇ.

ಹಾಗಾಗಿ ಶಾಲೆ ಬಿಡುವ ಹಾಡು ಬರಲೇಬೇಕಿತ್ತು. ಆದರೆ ಎಂಬತ್ತರ ದಶಕದ ಒಳ್ಳೆಯ ಬೀಳ್ಕೊಡುಗೆ ಹಾಡುಗಳು ಸಕುರಾ ಇಲ್ಲದೆಯೇ ಆರಾಮಾಗಿ ನಡೆದಿವೆ. ಕಶಿವಾಬಾರಾ ಯೋಶಿಯೆ 1983ರಲ್ಲಿ ಹಾಡಿದ ‘ಹಾರು ನಾ ನೊ ನಿ’ ತಗೊಳ್ಳಿ. ‘ವಸಂತ ಬಂದಿದೆ, ಆದರೂ’ ಅಂತ ಹೆಸರಿನ ಅರ್ಥ. ಬರೆದದ್ದು ನಕಾಜಿಮಾ ಮಿಯುಕಿ. ಅಲ್ಲಿ ಹುಡುಗಿ ನೆನಪಿಗೆ ಅಂತ ಹುಡುಗನ ಅಂಗಿಯ ಒಂದು ಗುಂಡಿ ಕೇಳುತ್ತಾಳೆ. ಆಮೇಲೆ ಅದನ್ನು ನೀಲಿ ಆಕಾಶಕ್ಕೆ ಎಸೆಯುತ್ತೇನೆ ಅನ್ನುತ್ತಾಳೆ.

ಈ ಗುಂಡಿಯ ವಿಷಯ ಗೊತ್ತಿಲ್ಲದಿದ್ದರೆ ಹಾಡು ಅರ್ಧ ಮಾತ್ರ ಸಿಗುತ್ತದೆ. ಹುಡುಗರ ಹಳೆ ಮಾದರಿಯ ಯೂನಿಫಾರ್ಮ್ ಕತ್ತಿನವರೆಗೆ ಗುಂಡಿ ಹಾಕುವ ಕಪ್ಪು ಕೋಟು. ಮೇಲಿನಿಂದ ಎರಡನೇ ಗುಂಡಿ ಎದೆಗೆ, ಅಂದರೆ ಹೃದಯಕ್ಕೆ, ಹತ್ತಿರ. ಶಾಲೆಯ ಕೊನೆಯ ದಿನ ಇಷ್ಟದ ಹುಡುಗನಿಂದ ಆ ಗುಂಡಿ ಕೇಳಿ ಪಡೆಯುವುದು ಹುಡುಗಿಯರ ರೂಢಿ. ಎಲ್ಲರಿಗೂ ಬೇಕಾದ ಹುಡುಗ ಆ ದಿನ ಒಂದೂ ಗುಂಡಿ ಇಲ್ಲದ ಕೋಟು ಹಾಕಿಕೊಂಡು ಮನೆಗೆ ಹೋಗುತ್ತಾನೆ.

1985ರ ಶುರುವಿನಲ್ಲಿ ಒಂದು ತಮಾಷೆ ನಡೆಯಿತು. ‘ಸೊತ್ಸುಗ್ಯೊ’, ಅಂದರೆ ಶಾಲೆ ಮುಗಿಸುವುದು, ಎಂಬ ಒಂದೇ ಹೆಸರಿನ ನಾಲ್ಕು ಬೇರೆ ಬೇರೆ ಹಾಡುಗಳು ಕೆಲವೇ ವಾರಗಳಲ್ಲಿ ಬಂದವು. ಒಂದು ರಾಕ್ ಗಾಯಕ ಒಜಾಕಿ ಯುತಾಕನದು, ಉಳಿದವು ಐಡಲ್‌ಗಳಾದ ಸಾಯ್ತೊ ಯೂಕಿ, ಕಿಕುಚಿ ಮೊಮೊಕೊ, ಕುರಾಸಾವಾ ಅತ್ಸುಮಿ ಅವರದು. ಒಜಾಕಿ ಶಾಲೆಯ ಮೇಲೇ ಸಿಟ್ಟು ಮಾಡಿಕೊಂಡಿದ್ದಾನೆ. ನನಗೆ ಹೆಚ್ಚು ಇಷ್ಟ ಸಾಯ್ತೊ ಯೂಕಿಯ ಮೊದಲ ಹಾಡು. ಮತ್ಸುಮೊಟೊ ತಕಾಶಿ ಬರೆದದ್ದು, ತ್ಸುತ್ಸುಮಿ ಕ್ಯೋಹೆಯ್ ರಾಗ ಹಾಕಿದ್ದು. ಇಲ್ಲಿಯ ಹುಡುಗಿ ಬೀಳ್ಕೊಡುಗೆಯಲ್ಲಿ ಅಳುವುದಿಲ್ಲ. ಅಳದಿದ್ದರೆ ಕಲ್ಲುಮನಸ್ಸಿನವಳು ಅಂದಾರು, ಅನ್ನಲಿ, ಇದಕ್ಕಿಂತ ದುಃಖದ ಗಳಿಗೆ ಮುಂದೆ ಬರುತ್ತದೆ, ಕಣ್ಣೀರು ಅದಕ್ಕಿರಲಿ ಅನ್ನುವ ಲೆಕ್ಕ ಅವಳದು. ಹುಡುಗ ಟೋಕಿಯೊಗೆ ಹೊರಟಿದ್ದಾನೆ. ಸ್ಟೇಷನ್ನಿನಲ್ಲಿ ಇಬ್ಬರೂ ಎದುರುಬದುರು ಪ್ಲಾಟ್‌ಫಾರ್ಮಿನಲ್ಲಿ ನಿಲ್ಲುತ್ತಾರೆ. ಫೋನ್ ಮಾಡ್ತೀನಿ ಅಂತ ಅವನು ಹೇಳುವುದನ್ನು ಅವಳು ನಂಬುವುದಿಲ್ಲ. ಎಷ್ಟು ಪ್ರೌಢ ಹಾಡು ನೋಡಿ, ಅದೂ ಹದಿನೆಂಟರ ಹುಡುಗಿಯ ಬಾಯಲ್ಲಿ.

ಇಂಥ ಹಾಡುಗಳಲ್ಲಿ ರೈಲು ಬರುವುದಕ್ಕೆ ಕಾರಣವಿದೆ. 1954ರಿಂದ ಸುಮಾರು ಇಪ್ಪತ್ತು ವರ್ಷ, ಮಾರ್ಚ್ ಬಂತೆಂದರೆ ಈಶಾನ್ಯದ ಹಳ್ಳಿಗಳಿಂದ ಟೋಕಿಯೊದ ಉಯೆನೊ ಸ್ಟೇಷನ್ನಿಗೆ ವಿಶೇಷ ರೈಲುಗಳು ಬರುತ್ತಿದ್ದವು. ಒಳಗಿದ್ದವರು ಆಗಷ್ಟೇ ಒಂಬತ್ತನೇ ತರಗತಿ ಮುಗಿಸಿ ಫ್ಯಾಕ್ಟರಿ, ಅಂಗಡಿ ಕೆಲಸಕ್ಕೆ ಗುಂಪಾಗಿ ಹೊರಟ ಹದಿನೈದರ ಮಕ್ಕಳು. ಶಾಲೆ ಮುಗಿಯಿತು ಅಂದರೆ ಊರು ಬಿಟ್ಟೆ ಅಂತಲೇ ಅರ್ಥ. ಆ ನೆನಪು ಹಾಡಿನ ಪ್ಲಾಟ್‌ಫಾರ್ಮುಗಳಲ್ಲಿ ಉಳಿದುಕೊಂಡಿದೆ.

ಹಾಗಾದರೆ ಸಕುರಾ ಇಷ್ಟು ಜೋರಾಗಿ ನುಗ್ಗಿದ್ದು ಯಾವಾಗ? 2000ದ ನಂತರ. 2003ರಲ್ಲಿ ಮೊರಿಯಾಮಾ ನಾವೊತಾರೊ, 2005ರಲ್ಲಿ ಕೆತ್ಸುಮೇಯ್ಶಿ ಮತ್ತು ಕೊಬುಕುರೊ, 2006ರಲ್ಲಿ ಇಕಿಮೊನೊಗಕಾರಿ. ಎಲ್ಲರ ಹಾಡಿನ ಹೆಸರೂ ‘ಸಕುರಾ’. ಇವರ್ಯಾರೂ ಐಡಲ್‌ಗಳಲ್ಲ. ಆದರೆ ಫೆಬ್ರವರಿ, ಮಾರ್ಚ್‌ನಲ್ಲಿ ಸಕುರಾ ಹಾಡು ಬಿಟ್ಟರೆ ಖರ್ಚಾಗುತ್ತದೆ, ಪ್ರತಿ ವರ್ಷ ಮತ್ತೆ ಮತ್ತೆ ಕೇಳಿಬರುತ್ತದೆ ಎನ್ನುವುದು ಇಡೀ ಉದ್ಯಮಕ್ಕೆ ಗೊತ್ತಾಯಿತು.

ಕೆಲಸ ಬಿಟ್ಟರೂ ‘ಪಾಸಾದೆ’

ಈ ಕಥೆಯ ಮುಖ್ಯ ತಿರುವು ಒಂದು ಪದದಲ್ಲಿದೆ. 1978ರ ಏಪ್ರಿಲ್ 4ರಂದು ಕ್ಯಾಂಡೀಸ್ ಎಂಬ ಮೂವರ ಗುಂಪು ಟೋಕಿಯೊದ ಕೊರಾಕುಎನ್ ಕ್ರೀಡಾಂಗಣದಲ್ಲಿ ಕೊನೆಯ ಕಾರ್ಯಕ್ರಮ ಕೊಟ್ಟಿತು. ಅದರ ಹಿಂದಿನ ಬೇಸಿಗೆಯಲ್ಲಿ ಅವರು ವೇದಿಕೆಯ ಮೇಲೇ ‘ನಾವು ಮತ್ತೆ ಸಾಮಾನ್ಯ ಹುಡುಗಿಯರಾಗಬೇಕು’ ಅಂತ ಅತ್ತಿದ್ದರು. ಅದಕ್ಕೆ ಆಗ ಇದ್ದ ಹೆಸರು ವಿಸರ್ಜನೆ. ಗುಂಪು ಮುಗಿಯಿತು, ಅಷ್ಟೇ.

1985ರಲ್ಲಿ ಒನ್ಯಾಂಕೊ ಕ್ಲಬ್ ಬಂತು. ಟಿವಿ ಕಾರ್ಯಕ್ರಮವೊಂದಕ್ಕೆ ಕಟ್ಟಿದ, ಕಾಲೇಜು ಕ್ಲಬ್ಬಿನಂತಿದ್ದ ದೊಡ್ಡ ಗುಂಪು. ಇಲ್ಲಿ ಒಬ್ಬಳು ಹೋದರೆ ಗುಂಪು ನಿಲ್ಲುವುದಿಲ್ಲ, ಇನ್ನೊಬ್ಬಳು ಬರುತ್ತಾಳೆ. ಹೋಗುವವಳಿಗೆ ಏನು ಅನ್ನಬೇಕು? ‘ಸೊತ್ಸುಗ್ಯೊ’ ಅಂದರು, ಶಾಲೆ ಮುಗಿಸಿದಳು ಅಂತ. ಗುಂಪಿಗೆ ಹಾಡು ಬರೆಯುತ್ತಿದ್ದವರು ಅಕಿಮೋಟೊ ಯಾಸುಶಿ. ಅದೇ ವರ್ಷ ಕಿಕುಚಿ ಮೊಮೊಕೊಗೆ ‘ಸೊತ್ಸುಗ್ಯೊ’ ಬರೆದುಕೊಟ್ಟವರೂ ಇವರೇ. ತೊಂಬತ್ತರ ಕೊನೆಯಲ್ಲಿ ಮಾರ್ನಿಂಗ್ ಮುಸುಮೆ ಈ ಪದವನ್ನು ಒಂದು ಪದ್ಧತಿಯನ್ನೇ ಮಾಡಿತು. ಹಳಬರು ಹೊರಡುವುದು, ಹೊಸ ಬ್ಯಾಚು ಸೇರುವುದು, ಗುಂಪು ನಿಲ್ಲದೆ ನಡೆಯುವುದು.

ಪದದ ಜಾಣತನ ನೋಡಿ. ‘ಬಿಟ್ಟಳು’ ಅಂದರೆ ಅಭಿಮಾನಿಗೆ ನೋವು. ‘ತೆಗೆದರು’ ಅಂದರೆ ಕಂಪನಿಗೆ ಕೆಟ್ಟ ಹೆಸರು. ‘ಪಾಸಾದಳು’ ಅಂದರೆ ಎಲ್ಲರೂ ಚಪ್ಪಾಳೆ ತಟ್ಟಬಹುದು. ಜಗಳ ಆಗಿಯೋ ಶಿಸ್ತಿನ ಕ್ರಮ ಆಗಿಯೋ ಹೋದರೆ ಈ ಪದ ಸಿಗುವುದಿಲ್ಲ, ಅದಕ್ಕೆ ‘ದತ್ತಾಯ್’, ಅಂದರೆ ಗುಂಪು ತೊರೆದಳು, ಅನ್ನುತ್ತಾರೆ. ಅಭಿಮಾನಿಗಳು ಪ್ರಕಟಣೆಯಲ್ಲಿ ಮೊದಲು ಹುಡುಕುವುದೇ ಯಾವ ಪದ ಹಾಕಿದ್ದಾರೆ ಅಂತ. ನನಗೆ ಈ ಸಿಹಿಮಾತಿನ ಮೇಲೆ ಪೂರ್ತಿ ವಿಶ್ವಾಸ ಇಲ್ಲ. ಶಾಲೆ ಮುಗಿಸಿದವರ ಕೈಗೆ ಒಂದು ಸರ್ಟಿಫಿಕೇಟ್ ಆದರೂ ಬರುತ್ತದೆ. ಹತ್ತು ವರ್ಷ ಹಾಡಿ ಕುಣಿದು, ಪ್ರೀತಿ ಪ್ರೇಮ ಮಾಡಬಾರದು ಅನ್ನುವ ನಿಯಮವನ್ನೂ ಸಹಿಸಿ, ಇಪ್ಪತ್ತೈದಕ್ಕೆ ಹೊರಬಂದವಳಿಗೆ ಮುಂದಿನ ತರಗತಿ ಯಾವುದು ಅಂತ ಯಾರೂ ಹೇಳುವುದಿಲ್ಲ.

ಪದ ಮಾತ್ರ ದೂರ ಹೋಯಿತು. ಈಗ ಟಿವಿ ನಿರೂಪಕರು ಕಾರ್ಯಕ್ರಮ ಬಿಟ್ಟರೂ ಸೊತ್ಸುಗ್ಯೊ, ವಿಟ್ಯೂಬರ್‌ಗಳು (ಕಾರ್ಟೂನು ರೂಪದಲ್ಲಿ ಕಾಣಿಸಿಕೊಳ್ಳುವ ಯೂಟ್ಯೂಬರ್‌ಗಳು) ಚಾನೆಲ್ ನಿಲ್ಲಿಸಿದರೂ ಅದೇ. ಜಕಾರ್ತದ ಜೆಕೆಟಿ48, ಬ್ಯಾಂಕಾಕಿನ ಬಿಎನ್‌ಕೆ48 ಗುಂಪುಗಳ ಹುಡುಗಿಯರೂ ಹೀಗೇ ‘ಗ್ರ್ಯಾಜುಯೇಟ್’ ಆಗುತ್ತಾರೆ. ಅಲ್ಲಿ ಸಕುರಾ ಅರಳುವ ವಸಂತವೇ ಇಲ್ಲ, ಆದರೂ.

ಅಕಿಹಾಬಾರಾದ ಎಸಳುಗಳು

ಅಕಿಮೋಟೊ 2005ರಲ್ಲಿ ಮತ್ತೆ ಬಂದರು. ಟೋಕಿಯೊದ ಅಕಿಹಾಬಾರಾದಲ್ಲಿ 250 ಜನ ಹಿಡಿಸುವ ಸಣ್ಣ ಥಿಯೇಟರ್, ಎಕೆಬಿ48 ಎಂಬ ಗುಂಪು. ಡಿಸೆಂಬರ್ 8ರ ಮೊದಲ ಪ್ರದರ್ಶನಕ್ಕೆ ಟಿಕೆಟ್ ಕೊಂಡು ಬಂದ ಸಾಮಾನ್ಯ ಪ್ರೇಕ್ಷಕರು 7 ಮಂದಿ ಅನ್ನುವುದು ಗುಂಪಿನ ಅಭಿಮಾನಿಗಳ ಬಾಯಲ್ಲಿ ಸ್ಥಳಪುರಾಣವಾಗಿದೆ. 2006ರ ಫೆಬ್ರವರಿ 1ಕ್ಕೆ ಬಂದ ಮೊದಲ ಸಿಂಗಲ್ ‘ಸಕುರಾ ನೊ ಹಾನಾಬಿರಾತಾಚಿ’, ಸಕುರಾದ ಎಸಳುಗಳು. ಗುಂಪು ಶುರುವಾಗಿ ಎರಡು ತಿಂಗಳೂ ಆಗಿಲ್ಲ, ಆಗಲೇ ಬೀಳ್ಕೊಡುಗೆ ಹಾಡು!

ಆಮೇಲೆ ಇದು ಪ್ರತಿ ವರ್ಷದ ಹಬ್ಬದ ಅಡುಗೆಯ ಹಾಗೆ ಆಯಿತು. 2009ರ ಮಾರ್ಚ್‌ನಲ್ಲಿ ‘ಜೂನೆನ್ ಝಕುರಾ’, ಹತ್ತು ವರ್ಷದ ಸಕುರಾ. ಹತ್ತು ವರ್ಷ ಬಿಟ್ಟು ಇದೇ ಜಾಗದಲ್ಲಿ ಸಿಗೋಣ ಅನ್ನುವ ಹಾಡು. 2010ರ ಫೆಬ್ರವರಿಯಲ್ಲಿ ‘ಸಕುರಾ ನೊ ಶಿಯೊರಿ’, ಕುಣಿತ ಬಿಟ್ಟು ಶಾಲೆಯ ಕೋರಸ್ಸಿನಂತೆ ಎಲ್ಲರೂ ನಿಂತು ಹಾಡುವಂಥದ್ದು. 2011ರ ಫೆಬ್ರವರಿಯಲ್ಲಿ ‘ಸಕುರಾ ನೊ ಕಿ ನಿ ನಾರೋ’.

ಈ ಕೊನೆಯದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು. ಹೆಸರಿನ ಅರ್ಥ ‘ಸಕುರಾ ಮರವಾಗುವೆ’. ಬೇರೆ ಹಾಡುಗಳು ಎಸಳಿನ ಪಕ್ಷ, ಹಾರಿ ಹೋಗುವವರ ಪಕ್ಷ. ಇದು ಮರದ ಪಕ್ಷ. ನೀನು ಎಲ್ಲಿಗೆ ಬೇಕಾದರೂ ಹೋಗು, ದಾರಿ ತಪ್ಪಿದರೆ ಗುರುತಿಗೆ ಇರಲಿ ಅಂತ ನಾನು ಇಲ್ಲೇ ನಿಂತಿರುತ್ತೇನೆ ಅನ್ನುತ್ತದೆ. ವಿಡಿಯೊ ನಿರ್ದೇಶಿಸಿದವರು ಕೊರೆಎದಾ ಹಿರೊಕಾಜು. 2018ರಲ್ಲಿ ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಗೆದ್ದರಲ್ಲ, ಅವರೇ. ತೀರಿಹೋದ ಗೆಳತಿಯೊಬ್ಬಳು, ದೊಡ್ಡವರಾದ ಉಳಿದವರು, ಇಷ್ಟೇ ಅದರ ಕಥೆ. ಹಾಡು ಬಂದದ್ದು ಫೆಬ್ರವರಿ 16ಕ್ಕೆ. ಮೂರು ವಾರ ಕಳೆದು ಮಾರ್ಚ್ 11ಕ್ಕೆ ಭೂಕಂಪ, ಸುನಾಮಿ. ಆ ವಸಂತದಲ್ಲಿ ಎಷ್ಟೋ ಶಾಲೆಗಳಲ್ಲಿ ಬೀಳ್ಕೊಡುಗೆಯೇ ನಡೆಯಲಿಲ್ಲ. ‘ಇಲ್ಲೇ ನಿಂತಿರುತ್ತೇನೆ’ ಎನ್ನುವ ಮಾತು ಬೇರೆಯೇ ತೂಕ ಪಡೆದುಬಿಟ್ಟಿತು.

ಇನ್ನೊಂದು ಸೂಕ್ಷ್ಮ. ಈ ಹಾಡುಗಳಲ್ಲಿ ಹುಡುಗಿಯರು ತಮ್ಮನ್ನು ‘ಬೊಕು’ ಅಂದುಕೊಳ್ಳುವುದು ಸಾಮಾನ್ಯ. ಅದು ಹುಡುಗರು ಬಳಸುವ ‘ನಾನು’. ಕನ್ನಡದ ‘ನಾನು’ಗೆ ಗಂಡು ಹೆಣ್ಣಿಲ್ಲ, ‘ಹೋಗುತ್ತೇನೆ’ಗೂ ಇಲ್ಲ. ಹಾಗಾಗಿ ನಮಗೆ ಇದು ಅನುವಾದದಲ್ಲಿ ಕಾಣೆಯಾಗುತ್ತದೆ. ಜಪಾನಿ ಕಿವಿಗೆ ಮಾತ್ರ ಹಾಡುವ ದನಿ ಹುಡುಗಿಯದು, ನೆನೆಯುವ ಮನಸ್ಸು ಹಿಂದಿನ ಬೆಂಚಿನ ಹುಡುಗನದು. ಕೇಳುವ ಹುಡುಗ ತನ್ನನ್ನೇ ಅಲ್ಲಿ ಕೂರಿಸಿಕೊಳ್ಳಬಹುದು.

ರಾಗ ಕಟ್ಟುವ ಬಗೆಯೂ ಹೆಚ್ಚುಕಡಿಮೆ ಒಂದು ಪಾಕವಿಧಾನ. ಮೊದಲು ಒಂಟಿ ಪಿಯಾನೊ. ಎಲ್ಲರೂ ಒಂದೇ ಸ್ವರದಲ್ಲಿ, ತಗ್ಗಿನಲ್ಲಿ. ಅದರ ಕೆಳಗೆ ಬೇಸ್ ಎಷ್ಟೋ ಸಲ ಸ-ನಿ-ದ-ಪ-ಮ-ಗ ಅಂತ ಒಂದೊಂದೇ ಮೆಟ್ಟಿಲು ಇಳಿಯುತ್ತದೆ. ಪ್ಯಾಖೆಲ್‌ಬೆಲ್‌ನ ‘ಕ್ಯಾನನ್’ ಕೇಳಿದವರಿಗೆ ಇದು ಪರಿಚಿತ. ಮೇಲೆ ರಾಗ ಏರುತ್ತಿದೆ, ಕೆಳಗೆ ಬೇಸ್ ಇಳಿಯುತ್ತಿದೆ, ಮಧ್ಯೆ ಸಿಕ್ಕವನ ಗಂಟಲು ಕಟ್ಟುತ್ತದೆ. ಸಾಲದ್ದಕ್ಕೆ ಕೊನೆಯ ಪಲ್ಲವಿಯಲ್ಲಿ ಶ್ರುತಿಯನ್ನೇ ಅರ್ಧ ಮನೆ ಏರಿಸಿಬಿಡುತ್ತಾರೆ. ಇದು ಸುಮ್ನೆ ಅಳಿಸುವ ತಂತ್ರ ಅಂತ ಗೊತ್ತಿದ್ದೂ ನಾನು ಪ್ರತಿ ಸಲ ಸಿಕ್ಕಿಬೀಳುತ್ತೇನೆ.

ಶಾಲೆಯ ಈ ಹೋಲಿಕೆಯನ್ನು ಅಕ್ಷರಶಃ ಮಾಡಿದ್ದು ಸಕುರಾ ಗಾಕುಯಿನ್. 2010ರಲ್ಲಿ ಶುರುವಾದ ಈ ಗುಂಪಿನ ನಿಯಮ ಒಂದೇ: ಒಂಬತ್ತನೇ ತರಗತಿ ಮುಗಿದ ಮಾರ್ಚ್‌ನಲ್ಲಿ ಗುಂಪೂ ಮುಗಿಯಿತು. ಎಷ್ಟೇ ಚೆನ್ನಾಗಿ ಹಾಡಲಿ, ಎಷ್ಟೇ ಜನಪ್ರಿಯಳಾಗಲಿ, ವಿನಾಯಿತಿ ಇಲ್ಲ. ಶಾಲೆಯಲ್ಲಿ ಇರುವ ಹಾಗೆ ಒಳಗೆ ಸಣ್ಣ ಸಣ್ಣ ಕ್ಲಬ್ಬುಗಳಿದ್ದವು. ಅದರಲ್ಲಿ ಹೆವಿ ಮೆಟಲ್ ಕ್ಲಬ್ಬು ಆಮೇಲೆ ಬೇಬಿಮೆಟಲ್ ಆಗಿ ಲೋಕವೆಲ್ಲ ಸುತ್ತಿತು. ಮಾರ್ಚ್ ಲೆಕ್ಕದಲ್ಲೇ ಬದುಕಿದ ಆ ‘ಶಾಲೆ’ ಬಾಗಿಲು ಹಾಕಿದ್ದು ಮಾತ್ರ 2021ರ ಆಗಸ್ಟ್ 31ಕ್ಕೆ, ಸುಡುಬಿಸಿಲಿನಲ್ಲಿ.

ವಸಂತ ಎಲ್ಲರಿಗೂ ಹೇಳಿದ ಹಾಗೆ ಕೇಳುವುದೂ ಇಲ್ಲ. ಎಕೆಬಿ48ರ ದೊಡ್ಡ ತಾರೆ ಓಶಿಮಾ ಯೂಕೊಳ ಬೀಳ್ಕೊಡುಗೆ 2014ರ ಮಾರ್ಚ್ 30ಕ್ಕೆ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಅಂತ ಗೊತ್ತಾಗಿತ್ತು. ಟೋಕಿಯೊದ ಸಕುರಾ ತುಂಬಿ ನಿಲ್ಲುವ ದಿನಗಳು. ಅವತ್ತು ಮಳೆ ಗಾಳಿ ಎದ್ದು ಕಾರ್ಯಕ್ರಮವೇ ರದ್ದಾಯಿತು. ಕೊನೆಗೆ ಅವಳು ಹೊರಟದ್ದು ಜೂನ್‌ನಲ್ಲಿ, ಬೇರೆ ಕ್ರೀಡಾಂಗಣದಲ್ಲಿ. ಜೂನ್ ಅಂದರೆ ಅಲ್ಲಿ ಮಳೆಗಾಲ. ನಮ್ಮಲ್ಲಾದರೆ ಶಾಲೆ ಬಾಗಿಲು ತೆರೆಯುವ ತಿಂಗಳು ಅದು. ಕನ್ನಡದಲ್ಲಿ ಇಂಥ ಹಾಡುಗಳಿದ್ದಿದ್ದರೆ ಎಸಳಿನ ಬದಲು ರೇನ್‌ಕೋಟು, ಹೊಸ ಪುಸ್ತಕಕ್ಕೆ ಹಾಕಿದ ಕಂದು ಬೈಂಡು ಬರುತ್ತಿದ್ದವೇನೋ.

2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ವರ್ಷವನ್ನೇ ಸೆಪ್ಟೆಂಬರ್‌ಗೆ ತಳ್ಳೋಣವೇ ಎಂಬ ಚರ್ಚೆ ಸರ್ಕಾರದ ಮಟ್ಟಕ್ಕೆ ಹೋಗಿತ್ತು. ಕೆಲವೇ ವಾರಗಳಲ್ಲಿ ಕೈಬಿಟ್ಟರು. ಕಾನೂನು, ಖರ್ಚು, ಪರೀಕ್ಷೆ ಅಂತ ಕಾರಣಗಳು ನೂರಿದ್ದವು. ಅವುಗಳ ಜೊತೆಗೆ ಸಕುರಾ ಇಲ್ಲದ ಶಾಲಾ ಶುರುವನ್ನು ಊಹಿಸಿಕೊಳ್ಳಲಾಗದು ಅನ್ನುವ ಗೊಣಗಾಟವೂ ಇತ್ತು.

ಶಾಲೆ ಕದಲಲಿಲ್ಲ, ಹೂ ಕದಲುತ್ತಿದೆ. ಟೋಕಿಯೊದಲ್ಲಿ ಸಕುರಾ ಅರಳಿತು ಅಂತ ಸಾರುವುದು ಯಾಸುಕುನಿ ದೇಗುಲದ ಅಂಗಳದ ಒಂದು ಗುರುತಿನ ಮರ ನೋಡಿ. ಹವಾಮಾನ ಇಲಾಖೆಯವರು ಹೋಗಿ ಐದಾರು ಹೂ ಎಣಿಸಿದರೆ ಆಯಿತು, ಸುದ್ದಿ. 2020, 2021, 2023 ಮೂರೂ ವರ್ಷ ಆ ಸುದ್ದಿ ಬಂದದ್ದು ಮಾರ್ಚ್ 14ಕ್ಕೆ, ಸರಾಸರಿಗಿಂತ ಹತ್ತು ದಿನ ಮೊದಲು. ಅಂಥ ವರ್ಷ ಏಪ್ರಿಲ್‌ನಲ್ಲಿ ಹೊಸ ಯೂನಿಫಾರ್ಮ್ ತೊಟ್ಟು ಬರುವ ಮಕ್ಕಳಿಗೆ ಗೇಟಿನ ಬಳಿ ಸಿಗುವುದು ‘ಹಝಕುರಾ’, ಎಲೆ ಚಿಗುರಿದ ಮರ. ಬೀಳ್ಕೊಡುಗೆಯ ಮಕ್ಕಳಿಗೆ ಮಾತ್ರ ಹಾಡಿನಲ್ಲಿದ್ದ ಹೂ ವರ್ಷದಿಂದ ವರ್ಷಕ್ಕೆ ಹತ್ತಿರ ಬರುತ್ತಿದೆ. ಉತ್ತರದ ಸಪ್ಪೊರೊದಲ್ಲಿ ಈ ಯಾವ ಲೆಕ್ಕವೂ ನಡೆಯುವುದಿಲ್ಲ. ಅಲ್ಲಿ ಹೂ ಬರುವಾಗ ಏಪ್ರಿಲ್ ಮುಗಿಯುತ್ತಾ ಬಂದಿರುತ್ತದೆ. ಮಾರ್ಚ್ ಶುರುವಿನಲ್ಲಿ ಅಲ್ಲಿನ ಹೈಸ್ಕೂಲು ಮಕ್ಕಳು ಎಸಳಿನ ಹಾಡು ಹಾಡಿ ಹೊರಗೆ ಬಂದರೆ, ರಸ್ತೆಯ ಎರಡೂ ಬದಿಗೆ ತಳ್ಳಿಟ್ಟ ಹಿಮದ ಗುಡ್ಡೆ ಇನ್ನೂ ಕರಗಿರುವುದಿಲ್ಲ.